ನಾನು ಮೆತ್ತಿದ ತೇಪೆ

ಟಾರು ಕಾಯುವ ವಾಸನೆ ಬಂದರೆ ಇಂದಿಗೂ ನನಗೆ ಅಪ್ಪನ ಕಾಲುಗಳು ನೆನಪಾಗುತ್ತವೆ.

ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ, ರಜೆಯ ದಿನ ಗೆಳೆಯ ಮುನಿಯಪ್ಪ ಮಾಮನ ಜೊತೆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಂದು ದಿನ ಅವರ ಹರಿಗೋಲಿನ ತಳಕ್ಕೆ ಟಾರು ಬಳಿಯುವಾಗ ಒಂದು ತೂತನ್ನು ನಾನೇ ಹಟಮಾಡಿ ಮುಚ್ಚಿದ್ದೆ. ತೇಪೆ ಹಾಕಿದವರೇ ಮೊದಲು ಒಬ್ಬರೇ ಅದರಲ್ಲಿ ಹೋಗಿಬರಬೇಕೆಂಬುದು ಅವರ ಪದ್ಧತಿ.

ಮಾಮ ಬೆರಳಿನಿಂದ ಒತ್ತಿ ನೋಡಿದ. "ಈ ತೇಪೆ ಯಾರ್ಲಾ ಆಕಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ನಾನೇ ಕಣ್ಲಾ," ಅಂದ.

"ಅಂಗಾದ್ರೆ ನೀನೇ ಓಗು. ಈಜು ಬರಲ್ಲ ಅಂತ ಅಳ್ಬೇಡ!"

ನಡುಕೆರೆಯಲ್ಲಿ ಅಪ್ಪ ಎರಡು ಸಲ ಹರಿಗೋಲಿನ ತಳದತ್ತ ಬಗ್ಗಿದ. ಟಾರು ಮೆತ್ತಿದ ಕೈಗಳನ್ನು ನಾನು ಲಂಗದಲ್ಲಿ ಮುಚ್ಚಿಟ್ಟುಕೊಂಡೆ.

ಹಿಂದಿರುಗಿದವನು ಕೆರೆಯ ನೀರಿಗೆ ಕಾಲಿಡದೆ ಹರಿಗೋಲಿನಿಂದ ನೇರ ಬಂಡೆಯ ಮೇಲೆ ಇಳಿದು, ನನ್ನನ್ನು ನೋಡಿ, "ಒಂದ್ ಅನಿನೂ ಸೋರ್ಲಿಲ್ಲ ಕಣವ್ವಾ," ಅಂದ.

ಒಣ ಬಂಡೆಯ ಮೇಲೆ ಅವನ ಒದ್ದೆ ಹೆಜ್ಜೆಗಳು ನನ್ನವರೆಗೂ ಬಂದಿದ್ದವು.