ದಾಸವಾಳ ಕಿರುಚಲಿಲ್ಲ

"ಬೇಗ ಬಾರೇ, ಜೀವ ಹೋಗ್ತಾ ಇದೆ!" ಎಂದು ಅಮ್ಮ ಹಿತ್ತಲಿನಿಂದ ಕೂಗಿದಾಗ, ಹಲ್ಲಿನ ಡಾಕ್ಟರಾದ ಮಗಳು ಮುಂದಿನ ಕೋಣೆಯ ಕ್ಲಿನಿಕ್ಕಿನಲ್ಲಿ ಅಂಚೆಯಣ್ಣನ ವಸಡಿಗೆ ಆಗಷ್ಟೇ ಸೂಜಿ ಚುಚ್ಚಿದ್ದಳು. ಮರಗಟ್ಟಲು ಹತ್ತು ನಿಮಿಷ ಬೇಕು. ಅಲುಗಾಡಬೇಡಿ ಎಂದು ಅವನಿಗೆ ಗದರಿ, ಕೈಯಲ್ಲಿದ್ದ ಹಲ್ಲು ಕೆದಕುವ ಕೊಕ್ಕೆ ಸಮೇತ ಓಡಿದಳು.

ಜೀವ ಹೋಗುತ್ತಿದ್ದುದು ದಾಸವಾಳದ್ದು. ಊಟದ ತಟ್ಟೆಯಷ್ಟು ದೊಡ್ಡ ಹೂ ಬಿಡುವ ಗಿಡ. ಪ್ರತಿ ಚಳಿಗಾಲ ನೆಲದವರೆಗೆ ಒಣಗಿ, ಸತ್ತಂತೆ ನಾಟಕವಾಡಿ, ಬಿಸಿಲು ಬಂದೊಡನೆ ಬುಡದಿಂದ ಚಿಗುರುವ ಗಟ್ಟಿ ಜೀವ. ಮೊಗ್ಗು ತುಂಬಿದ ಈ ಹೊತ್ತಿನಲ್ಲಿ ಅದರ ಮೂರು ಕಾಂಡಗಳು ತಲೆ ಇಳಿಬಿಟ್ಟಿದ್ದವು. ಅಮ್ಮನ ಎಡಗೆನ್ನೆಯೂ ಐದು ದಿನದಿಂದ ಊದಿತ್ತು. ಆದರೆ ಆ ಸುದ್ದಿ ಎತ್ತುವಂತಿರಲಿಲ್ಲ.

ಎತ್ತಿದರೆ ಸೋಮವಾರದ ಕಥೆ ಬರುತ್ತಿತ್ತು. ಸೋಮವಾರ ಅಮ್ಮ, ಮಗಳ ಕ್ಲಿನಿಕ್ಕಿನಲ್ಲಿ ಕಾದು ಕೂತವರೆಲ್ಲ ನೋಡುತ್ತಿರುವಂತೆಯೇ, ರಸ್ತೆ ದಾಟಿ ಎದುರಿನ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. "ಹೆತ್ತವಳಿಗೇ ನಂಬಿಕೆ ಇಲ್ಲ ಅಂದ್ಮೇಲೆ..." ಎಂದು ಇದೇ ಅಂಚೆಯಣ್ಣ ಎದ್ದು ಅವಳ ಹಿಂದೆಯೇ ನಡೆದಿದ್ದ. ಇವತ್ತು ಯಾವ ಮುಖ ಹೊತ್ತು ವಾಪಸು ಬಂದನೋ ಅವನನ್ನೇ ಕೇಳಬೇಕು. ಮಗಳಿಗೆ ಅಂದಿನಿಂದ ಮೈಯೆಲ್ಲ ಉರಿಯುತ್ತಿತ್ತು.

"ನೀರು ಸಾಲ್ತಿಲ್ವೇನೋ ಅಂತ ಬೆಳಿಗ್ಗೆಯಿಂದ ನಾಲ್ಕು ಬಕೆಟ್ ಸುರಿದೆ ಕಣೇ."

"ಗಿಡಕ್ಕೆ ಈಜು ಕಲಿಸ್ತಿದೀಯಾ? ನೀರು ಸಾಲದಿದ್ರೆ ಇಡೀ ಗಿಡ ಬಾಡಬೇಕು. ಮೂರೇ ಕಾಂಡ ಬಾಡಿದೆ ಅಂದ್ರೆ ತೊಂದ್ರೆ ಕಾಂಡದೊಳಗೇ ಇದೆ." ಮಗಳು ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಮೂರರಲ್ಲೂ ಒಂದೊಂದು ತೂತು, ಅದರ ಕೆಳಗೆ ಮರ ಕೊಯ್ದ ಪುಡಿಯಂಥ ಹೊಟ್ಟು. "ನೋಡು, ಹುಳ. ಒಳಗೆ ಕೂತು ತಿರುಳು ತಿಂತಾ ಇದೆ. ಬಿಟ್ರೆ ಬುಡಕ್ಕೇ ಇಳಿಯುತ್ತೆ. ಕತ್ತರಿ ಕೊಡು."

"ಅಯ್ಯೋ, ಮೊಗ್ಗಿದೆ ಕಣೇ!"

"ಇರ್ಲಿ. ಬುಡ ಉಳಿದ್ರೆ ಮತ್ತೆ ಬಿಡುತ್ತೆ."

ಮೊದಲ ಕಾಂಡವನ್ನು ಕತ್ತರಿಸಿದಾಗ ಒಳಗೆ ಕಪ್ಪು ಟೊಳ್ಳು. ಬಿಳಿ ತಿರುಳು ಕಾಣುವವರೆಗೂ ಬೆರಳಗಲ ಬೆರಳಗಲ ಕೆಳಗೆ ಕತ್ತರಿಸುತ್ತ ಹೋದಳು. ಎರಡನೆಯದಕ್ಕೂ ಅದೇ ಗತಿ. ಮೂರನೆಯದು ಎಲ್ಲಕ್ಕಿಂತ ದಪ್ಪ, ಅದರ ತುಂಬ ಮೊಗ್ಗು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದೊಂದನ್ನಾದ್ರೂ ಉಳಿಸಿಕೊಡೇ" ಎಂದಳು. ಮಗಳು ತೂತಿಗೆ ಕೊಕ್ಕೆ ಇಳಿಸಿ, ಮೆಲ್ಲಗೆ ತಿರುಗಿಸಿ ಎಳೆದಳು. ಕೊಬ್ಬಿದ ಬಿಳಿ ಹುಳವೊಂದು ತುದಿಗೆ ಸಿಕ್ಕಿಕೊಂಡು ಹೊರಬಂತು.

ಅಮ್ಮ ಬಾಯಿ ಬಿಟ್ಟು ನೋಡಿದಳು. "ಇಷ್ಟೆಲ್ಲ ಮಾಡಿದ್ರೂ ಗಿಡ ಕಿರುಚಲಿಲ್ಲ ನೋಡು. ನಾನಾಗಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿದ್ದೆ."

"ನೀನು ನನ್ನ ಹತ್ರ ಬಂದಿದ್ರೆ ತಾನೇ!" ಮಗಳ ಕಣ್ಣಲ್ಲಿ ನೀರು ತುಂಬಿತು. "ನಿಂಗೆ ಎದುರುಗಡೆಯವರೇ ಬೇಕಾಯ್ತು."

"ಅಯ್ಯೋ ಪೆದ್ದೇ, ಕಿರುಚ್ತೀನಿ ಅಂತ ಗೊತ್ತಿದ್ದಕ್ಕೇ ಅಲ್ಲಿಗೆ ಹೋಗಿದ್ದು! ನಿನ್ನ ಕುರ್ಚೀಲಿ ಕೂತು ಕಿರುಚಿದ್ರೆ ಹೊರಗಡೆ ಒಬ್ರಾದ್ರೂ ಉಳೀತಿದ್ರಾ? ಅಲ್ಲಿ ಐದು ಜನ ಎದ್ದು ಓಡಿದ್ರು. ಮೊದಲು ಓಡಿದ್ದೇ ನಿನ್ನ ಅಂಚೆಯಣ್ಣ."

ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂಗೈಯಿಂದ ಕಣ್ಣೊರೆಸಿಕೊಂಡು, "ಅಷ್ಟು ನೋವು ಮಾಡಿದ್ರಾ ಅವರು? ಹಲ್ಲು ಕಿತ್ತರಾ?" ಎಂದಳು.

"ಎಲ್ಲಿ ಕಿತ್ತ?" ಎಂದಳು ಅಮ್ಮ. "ನಾನು ಕಿರುಚಿದಾಗ ಅವನಿನ್ನೂ ಕೈ ತೊಳೀತಾ ಇದ್ದ."