ಮಾತಿನ ಪೆಡಲು

ಮನೆಯೊಳಗೆ ನಿಂತಲ್ಲೇ ತುಳಿಯುವ, ಎಲ್ಲಿಗೂ ಹೋಗದ ಸೈಕಲ್ಲಿನಲ್ಲಿ ಅರವತ್ತನೇ ಕಿಲೋಮೀಟರು ಮುಟ್ಟುವಾಗ ಚಿತ್ತರಂಜನನ ಕಾಲು ಹಿಡಿದೇ ಬಿಟ್ಟಿತು. ನೂರು ಕಿಲೋಮೀಟರಿನ ಆನ್‌ಲೈನ್ ರೈಡಿಗೆ ಅವನು ಮಂಗಳೂರಿನ ಸಿಟಿ ಬಸ್ಸಿನ ಹಾಗೆ ಶುರುವಿಗೇ ನುಗ್ಗಿದ್ದ. ಈಗ ನಿಲ್ಲಿಸಿದರೆ ಗುಂಪಿನಿಂದ ಔಟು, ದುಬೈಯಿಂದ ಒಟ್ಟಿಗೆ ತುಳಿಯುತ್ತಿರುವ ಭಾವನಿಗೆ ವರ್ಷವಿಡೀ ನಗಲಿಕ್ಕೆ ಸಾಕು.

“ಆಶಾ, ಐದು ನಿಮಿಷ ನೀನು ತುಳಿ ಮಾರಾಯ್ತಿ!”

ಹೆಂಡತಿ ಆಶಾಲತಾ ಅಕ್ಕನೊಟ್ಟಿಗೆ ಫೋನಲ್ಲಿದ್ದಳು. ಮಾತು ನಿಲ್ಲಿಸದೆಯೇ ಹತ್ತಿ ಕೂತಳು. “ಹೌದಾ? ಮತ್ತೆ ಎಂತ ಹೇಳಿದಳು ಅವಳು?” ಮಾತಿನೊಟ್ಟಿಗೆ ಕಾಲೂ ತಿರುಗಿತು. ಅವಸರ ಇಲ್ಲ, ಆಯಾಸವೂ ಇಲ್ಲ. ಐದು ನಿಮಿಷ ಹೋಗಿ ಹತ್ತಾಯಿತು, ಐದು ಕಿಲೋಮೀಟರೂ ಕಳೆಯಿತು.

ಪರದೆಯಲ್ಲಿ ಚಿತ್ತರಂಜನನ ಹೆಸರಿನೆದುರು ಕಂಡ ವೇಗ ನೋಡಿ ರೈಡಿನ ಲೀಡರ್ ಸ್ಪೀಕರಿನಲ್ಲಿ ಕೂಗಿದ: “ಚಿತ್ತರಂಜನಣ್ಣ, ತುಳಿದರೆ ಹೀಗೆ ತುಳಿಯಬೇಕು! ಎಲ್ಲರೂ ಅವರನ್ನೇ ಫಾಲೋ ಮಾಡಿ!”

“ಸರಿ ಅಕ್ಕ, ಇಡ್ತೇನೆ,” ಅಂದಳು ಆಶಾ.

ಚಿತ್ತರಂಜನ ಕುಂಟುತ್ತಾ ಬಂದು ಕೈಮುಗಿದ. “ಇಡಬೇಡ! ಬೇಕಾದರೆ ನನ್ನ ಅಮ್ಮನ ಮೇಲಿನ ದೂರೆಲ್ಲ ಹೇಳು. ಇನ್ನೂ ಮೂವತ್ತೈದು ಕಿಲೋಮೀಟರು ಉಂಟು!”