ಇಪ್ಪತ್ತು ಕತ್ತರಿಯ ಹುಡುಗ

೧೯೬೮ರಲ್ಲಿ ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟೆ. ನಾಟಕ ಕಂಪನಿಗೆ ರಾಜಕುಮಾರನ ಪಾತ್ರಕ್ಕೆ ಒಬ್ಬ ಸಣ್ಣ ಹುಡುಗ ಬೇಕಾಗಿದ್ದ. ಇಂದಿಗೂ ಒದ್ದೆ ಕಂಬಳಿಯ ವಾಸನೆ ಬಂದರೆ ಜತ್ತದ ಸರಕಾರಿ ಕಚೇರಿಯ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಮಕ್ಕಳು ಬಣ್ಣ ಹಚ್ಚಲು ತಾತ್ಕಾಲಿಕ ಪರವಾನಗಿ ಬೇಕಿತ್ತು. ಅದಕ್ಕೆಂದು ಅವ್ವ ನನ್ನನ್ನು ನಮ್ಮೂರು ಮುಚ್ಚಂಡಿಯಿಂದ ಕರೆತಂದಿದ್ದಳು. ದಾರಿಯಲ್ಲಿ ಮಳೆ ಹೊಡೆದು ಅವಳ ಹೆಗಲ ಕಂಬಳಿ ನೀರು ಕುಡಿದು ಭಾರವಾಗಿತ್ತು.

"ವಯಸ್ಸೆಷ್ಟು?" ಸಾಹೇಬರು ಕೇಳಿದರು.

"ಇಪ್ಪತ್ತು ಕತ್ತರಿ ಆದ್ವುರಿ."

ಅವರು ಇಪ್ಪತ್ತು ಎಂದು ಬರೆದು, ನನ್ನನ್ನು ನೋಡಿ ನಕ್ಕರು. "ಇಪ್ಪತ್ತರ ಗಂಡಸಿಗೆ ಮಕ್ಕಳ ಪರವಾನಗಿ ಯಾಕವಾ? ಮದಿವಿ ಮಾಡು!"

"ಅಯ್ಯ, ನಾವು ಕುರಿ ಉಣ್ಣೆ ವರ್ಸಕ್ಕ ಎರಡ ಸಲ ಕತ್ತರಸ್ತೀವ್ರಿ. ಇವ ಹುಟ್ಟಿದ ಮ್ಯಾಲ ಇಪ್ಪತ್ತು ಸಲ ಆತು. ಅರ್ಧ ಮಾಡ್ಕೋರಿ."

ಹತ್ತು ಎಂದು ತಿದ್ದಿದ ಮೇಲೆ ಸಾಹೇಬರ ನಗು ಹೋಯಿತು. "ಇಷ್ಟು ಸಣ್ಣಾಂವನ್ನ ಊರೂರು ಕಳಸಾಕ ಬರಂಗಿಲ್ಲ. ಇವನ ಸಂಗಾಟ ಯಾರು?"

ಅವ್ವ ಕದಲಲಿಲ್ಲ.

"ನಾನ್ರಿ. ಕಂಪನಿ ಎಲ್ಲಿ ಡೇರೆ ಹಾಕ್ತೈತಿ, ಅಲ್ಲೇ ಹೊಲದಾಗ ನನ್ನ ಕುರಿ ತರುಬಿ ನಿಲ್ಲಸ್ತೀನಿ. ಹೊಲಕ್ಕ ಗೊಬ್ಬರ ಬ್ಯಾಡ ಅನ್ನೂ ಊರು ಯಾವುದೈತ್ರಿ?"

ಸಾಹೇಬರು ನನ್ನತ್ತ ತಿರುಗಿದರು. "ನಿನಗ ಮನಸೈತೇನೋ?"

"ಐತ್ರಿ!" ಕಚೇರಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದೆ.

"ಒಂದು ತಿಂಗಳದ್ದು ಕೊಡ್ತೀನಿ. ಮುಗದ ಮ್ಯಾಲ ಮತ್ತ ಬರ್ರಿ."

ಅವ್ವ ಹೆಬ್ಬೆಟ್ಟು ಒತ್ತಿದಳು. ಪರವಾನಗಿ ಮುಗಿದಾಗಲೆಲ್ಲ ಕುರಿಗಳನ್ನು ಯಾರಿಗಾದರೂ ಒಪ್ಪಿಸಿ ಮತ್ತೆ ಬಂದಳು.

ಈಗ ನನ್ನಲ್ಲಿ ಸ್ವಂತ ನಾಟಕ ಕಂಪನಿ ಒಂದು, ಪರದೆ ಎಂಟು, ಹಾರ್ಮೋನಿಯಂ ಎರಡು, ಕುರಿ ನಲವತ್ತು, ಅವ್ವನ ಕಂಬಳಿ ಒಂದು.